ತಡವಾಗಿ ತಲುಪಿದವರಿಗೆ ಚಿನ್ನದ ಪದಕ

ಚಳಿಗಾಲದ ಪ್ಯಾರಾಲಿಂಪಿಕ್ಸ್‌ನ ಆಲ್ಪೈನ್ ಸ್ಕೀ ಸ್ಪರ್ಧೆಯನ್ನು ಮೊದಲ ಸಲ ನೋಡುವವರು ಫಲಿತಾಂಶದ ಪಟ್ಟಿಯ ಮುಂದೆ ತಬ್ಬಿಬ್ಬಾಗುವುದು ಸಹಜ. ಹಿಮದ ಇಳಿಜಾರನ್ನು ಎಲ್ಲರಿಗಿಂತ ಬೇಗ ಇಳಿದವರ ಹೆಸರು ಮೂರನೆಯದೋ ನಾಲ್ಕನೆಯದೋ ಆಗಿರಬಹುದು. ಅವರಿಗಿಂತ ಐದಾರು ಸೆಕೆಂಡು ತಡವಾಗಿ ಬಂದವರ ಕೊರಳಿಗೆ ಚಿನ್ನದ ಪದಕ ಬೀಳಬಹುದು. ನೇರ ಪ್ರಸಾರದಲ್ಲಿ ಪರದೆಯ ಮೂಲೆಯ ಗಡಿಯಾರವೂ ಒಬ್ಬೊಬ್ಬರಿಗೆ ಒಂದೊಂದು ವೇಗದಲ್ಲಿ ಓಡುತ್ತದೆ. ಒಬ್ಬರು ಇಳಿಯುವಾಗ ಸೆಕೆಂಡುಗಳು ನಮಗೆ ಗೊತ್ತಿರುವ ಲಯದಲ್ಲೇ ಉರುಳುತ್ತವೆ, ಮುಂದಿನವರು ಹೊರಟಾಗ ಅವೇ ಸೆಕೆಂಡುಗಳು ತುಸು ಹಿಗ್ಗಿದಂತೆ ಕಾಣುತ್ತವೆ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವ ನನಗೆ ಆಟಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಈ ಗಡಿಯಾರವೇ. ತುಮಕೂರಿನಲ್ಲಿ ಕುಳಿತು ಸ್ಕೀ ಬಗ್ಗೆ ಬರೆಯುವುದು ವಿಚಿತ್ರವೆನ್ನಿಸಬಹುದು. ಹಿಮ ಕಾಣಬೇಕಾದರೆ ನಾವು ಗುಲ್ಮಾರ್ಗಿಗೋ ಔಲಿಗೋ ಹೋಗಬೇಕು, ನಮ್ಮ ದೇವರಾಯನದುರ್ಗದಲ್ಲಿ ಸಿಗುವುದು ಹೆಚ್ಚೆಂದರೆ ಬೆಳಗಿನ ಮಂಜು. ಆದರೆ ಬೇರೆ ಬೇರೆ ಬಗೆಯ ಅಂಗವಿಕಲತೆ ಇರುವವರನ್ನು ಒಂದೇ ಪಂದ್ಯದಲ್ಲಿ ನಿಲ್ಲಿಸಿ ನ್ಯಾಯವಾಗಿ ಗೆಲ್ಲಿಸುವುದು ಹೇಗೆ ಎಂಬ ಪ್ರಶ್ನೆ ಹಿಮದ ನಾಡಿಗಷ್ಟೇ ಸೇರಿದ್ದಲ್ಲ.

ಮೊದಲು ವ್ಯವಸ್ಥೆಯನ್ನು ನೋಡೋಣ. ಈ ಸ್ಪರ್ಧೆಗಳಲ್ಲಿ ಮೂರು ದೊಡ್ಡ ಗುಂಪುಗಳಿವೆ: ದೃಷ್ಟಿದೋಷ ಇರುವವರು, ನಿಂತು ಇಳಿಯುವವರು, ಕುಳಿತು ಇಳಿಯುವವರು. ಪ್ರತಿ ಗುಂಪಿನ ಒಳಗೆ ಹಲವು ವರ್ಗಗಳಿವೆ. ನಿಂತು ಇಳಿಯುವವರಲ್ಲಿ ಎಲ್‌ಡಬ್ಲ್ಯು 2 ಎಂಬ ವರ್ಗದವರು ಒಂದೇ ಕಾಲಿನಲ್ಲಿ, ಒಂದೇ ಸ್ಕೀ ಮೇಲೆ ಇಳಿಯುತ್ತಾರೆ. ಅವರ ಎರಡೂ ಕೈಯಲ್ಲಿ ಊರುಗೋಲಿನಂಥ ಕೋಲುಗಳಿದ್ದು ಅವುಗಳ ತುದಿಯಲ್ಲಿ ಚಿಕ್ಕ ಸ್ಕೀ ಇರುತ್ತದೆ. ಎಲ್‌ಡಬ್ಲ್ಯು 4ರವರಲ್ಲಿ ಮೊಣಕಾಲಿನ ಕೆಳಗೆ ಕೃತಕ ಕಾಲು ಹಾಕಿಕೊಂಡು ಎರಡು ಸ್ಕೀ ಮೇಲೆ ಇಳಿಯುವವರಿದ್ದಾರೆ. ಎಲ್‌ಡಬ್ಲ್ಯು 6/8ರವರಿಗೆ ಒಂದು ತೋಳಿನ ತೊಂದರೆ, ಆದ್ದರಿಂದ ಕೈಯಲ್ಲಿ ಒಂದೇ ಕೋಲು. ಎಲ್‌ಡಬ್ಲ್ಯು 5/7ರವರಿಗೆ ಎರಡೂ ತೋಳಿನ ತೊಂದರೆ, ಕೋಲೇ ಇಲ್ಲ. ಇವರೆಲ್ಲರೂ ಒಂದೇ ಪದಕಕ್ಕೆ ಸ್ಪರ್ಧಿಸುತ್ತಾರೆ. ಇಳಿಯಲು ಅವರು ತೆಗೆದುಕೊಂಡ ನಿಜವಾದ ಸಮಯವನ್ನು ಅವರ ವರ್ಗಕ್ಕೆ ಗೊತ್ತುಪಡಿಸಿದ ಗುಣಕದಿಂದ ಗುಣಿಸಿ, ಬಂದ ಸಮಯದ ಮೇಲೆ ಸ್ಥಾನ ನಿರ್ಧರಿಸುತ್ತಾರೆ.

ಲೆಕ್ಕವನ್ನು ತಿಳಿಯಲು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಬ್ಬರು 62.40 ಸೆಕೆಂಡಿನಲ್ಲಿ ಇಳಿದರು, ಅವರ ವರ್ಗದ ಗುಣಕ 1. ಇನ್ನೊಬ್ಬರು 68 ಸೆಕೆಂಡು ತೆಗೆದುಕೊಂಡರು, ಅವರ ಗುಣಕ 0.90. ಎರಡನೆಯವರ ಲೆಕ್ಕದ ಸಮಯ 61.20 ಸೆಕೆಂಡು, ಚಿನ್ನ ಅವರದು. ಈಗ ಗುಣಕವನ್ನು 0.90ರಿಂದ 0.92ಕ್ಕೆ ಏರಿಸಿ ನೋಡಿ. ಲೆಕ್ಕದ ಸಮಯ 62.56 ಆಗುತ್ತದೆ, ಅದೇ ವ್ಯಕ್ತಿ ಅದೇ ಇಳಿತದಲ್ಲಿ 0.16 ಸೆಕೆಂಡಿನಿಂದ ಸೋಲುತ್ತಾರೆ. ಇಳಿಜಾರಿನಲ್ಲಿ ಏನೂ ಬದಲಾಗಿಲ್ಲ, ಕಾಗದದ ಮೇಲೆ ಮಾತ್ರ ಬದಲಾಗಿದೆ. ಅಧಿಕೃತ ಗುಣಕಗಳನ್ನು ದಶಮಾಂಶದ ನಂತರ ನಾಲ್ಕು ಸ್ಥಾನಗಳವರೆಗೆ ಬರೆಯುವುದು ಯಾರದೋ ಶೋಕಿಯಿಂದಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಗುಣಕ ಎಲ್ಲಿಂದ ಬರುತ್ತದೆ ಎಂಬುದು ನನ್ನ ಮಟ್ಟಿಗೆ ಈ ವಿಷಯದ ತಿರುಳು. ವೈದ್ಯರು ಕಾಲನ್ನೋ ಕಣ್ಣನ್ನೋ ಪರೀಕ್ಷಿಸಿ "ಇವರಿಗೆ ಇಷ್ಟು ಕಷ್ಟ" ಎಂದು ಬರೆದುಕೊಟ್ಟ ಸಂಖ್ಯೆ ಅದಲ್ಲ. ವಿಶ್ವಕಪ್, ವಿಶ್ವ ಚಾಂಪಿಯನ್‌ಶಿಪ್‌ನಂಥ ದೊಡ್ಡ ಸ್ಪರ್ಧೆಗಳಲ್ಲಿ ಆಯಾ ವರ್ಗದ ಉತ್ತಮ ಸ್ಪರ್ಧಿಗಳು ಹಲವು ಋತುಗಳಲ್ಲಿ ತೆಗೆದುಕೊಂಡ ಸಮಯಗಳನ್ನು ಒಟ್ಟುಹಾಕಿ, ವರ್ಗ ವರ್ಗಗಳ ನಡುವಿನ ಅಂತರವನ್ನು ಅಳೆದು ಅದನ್ನು ಕಂಡುಕೊಳ್ಳುತ್ತಾರೆ. ಅದೂ ಒಂದೇ ಸಂಖ್ಯೆಯಲ್ಲ. ನೇರವಾಗಿ ವೇಗದಲ್ಲಿ ಇಳಿಯುವ ಡೌನ್‌ಹಿಲ್‌ಗೆ ಒಂದು, ಹತ್ತಿರ ಹತ್ತಿರ ನೆಟ್ಟ ಕಂಬಗಳ ನಡುವೆ ನುಸುಳುವ ಸ್ಲಾಲಂಗೆ ಇನ್ನೊಂದು. ಇದು ತರ್ಕಬದ್ಧವೇ. ಕೈಯಲ್ಲಿ ಕೋಲಿಲ್ಲದವರಿಗೆ ಡೌನ್‌ಹಿಲ್‌ನಲ್ಲಿ ಹೊರಡುವಾಗ ನೆಲ ಊರಿ ತಳ್ಳಿಕೊಳ್ಳಲಾಗದೆ ಒಂದಿಷ್ಟು ನಷ್ಟವಾಗುತ್ತದೆ, ವೇಗ ಹತ್ತಿದ ಮೇಲೆ ಕೋಲಿನ ಗೊಡವೆ ಅಷ್ಟಾಗಿ ಇರುವುದಿಲ್ಲ. ಸ್ಲಾಲಂನಲ್ಲಿ ಹಾಗಲ್ಲ, ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಬೇಕು, ಎದುರಾದ ಕಂಬವನ್ನು ಕೈಯಿಂದ ಬಡಿದು ಬದಿಗೆ ಸರಿಸಬೇಕು. ಒಂದೇ ಕಾಲಿನವರಿಗೆ ಎಡದ ತಿರುವೂ ಬಲದ ತಿರುವೂ ಸಮಾನವಾಗಿ ಸುಲಭವಲ್ಲ.

ಜರ್ಮನಿಯ ಗೆರ್ಡ್ ಷೋನ್‌ಫೆಲ್ಡರ್ ಅವರನ್ನೇ ನೋಡಿ. 1989ರಲ್ಲಿ ರೈಲು ಅಪಘಾತವೊಂದರಲ್ಲಿ ಅವರು ಬಲಗೈಯನ್ನೂ ಎಡಗೈಯ ಬಹುಪಾಲು ಬೆರಳುಗಳನ್ನೂ ಕಳೆದುಕೊಂಡರು. 1992ರಿಂದ 2010ರವರೆಗಿನ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಗೆದ್ದ ಚಿನ್ನದ ಪದಕಗಳು 16. ಕೆನಡಾದ ಲಾರೆನ್ ವೂಲ್‌ಸ್ಟೆನ್‌ಕ್ರಾಫ್ಟ್ ಅವರಿಗೆ ಹುಟ್ಟಿನಿಂದಲೇ ಎರಡೂ ಮೊಣಕಾಲುಗಳ ಕೆಳಗೆ ಕಾಲುಗಳಿಲ್ಲ, ಎಡ ಮೊಣಕೈ ಕೆಳಗೆ ಕೈಯಿಲ್ಲ. 2010ರ ವ್ಯಾಂಕೂವರ್‌ನಲ್ಲಿ ಅವರು ಐದು ಚಿನ್ನ ಗೆದ್ದರು. ಇಂಥವರು ಒಂದು ವರ್ಗದಲ್ಲಿ ಇದ್ದಾಗ ಆ ವರ್ಗದ ಗುಣಕಕ್ಕೆ ಏನಾಗಬೇಕು? ಹಿಂದಿನ ಸಮಯಗಳಿಂದ ಕಟ್ಟಿದ ಸಂಖ್ಯೆಯಾದ್ದರಿಂದ, ಒಬ್ಬ ಅಸಾಮಾನ್ಯ ಸ್ಪರ್ಧಿ ಸತತವಾಗಿ ವೇಗವಾಗಿ ಇಳಿದಷ್ಟೂ ಆ ವರ್ಗವೇ ವೇಗದ ವರ್ಗವೆಂದು ಲೆಕ್ಕ ನಂಬುತ್ತದೆ, ಗುಣಕ ಒಂದರ ಕಡೆಗೆ ಏರುತ್ತದೆ. ಅದರ ಭಾರ ಬೀಳುವುದು ಆ ಸ್ಪರ್ಧಿಯ ಮೇಲೆ ಮಾತ್ರವಲ್ಲ, ಅದೇ ವರ್ಗದಲ್ಲಿ ಈಗಷ್ಟೇ ಕಾಲಿಟ್ಟ ಹುಡುಗಿಯ ಮೇಲೂ ಬೀಳುತ್ತದೆ. ಇದಕ್ಕೆ ತಿರುಗುಮುರುಗಾದ ಸ್ಥಿತಿಯೂ ಸಾಧ್ಯ. ಹಲವು ವರ್ಷ ಒಳ್ಳೆಯ ಸ್ಪರ್ಧಿಗಳೇ ಇಲ್ಲದ ವರ್ಗಕ್ಕೆ ಉದಾರವಾದ ಗುಣಕ ದೊರೆತಿರುತ್ತದೆ; ಅಲ್ಲಿಗೆ ಒಬ್ಬ ಪ್ರತಿಭಾವಂತ ಬಂದರೆ ಮೊದಲ ಋತುವಿನಲ್ಲಿ ಅವರನ್ನು ಹಿಡಿಯುವವರಿಲ್ಲ. ಸ್ಪರ್ಧಿಗಳ ಸಂಖ್ಯೆ ದೊಡ್ಡದಿದ್ದರೆ ಇಂಥ ಏರುಪೇರು ತಾನಾಗಿ ಸಮತಟ್ಟಾಗುತ್ತದೆ. ಪ್ಯಾರಾ ಸ್ಕೀಯಲ್ಲಿ ಕೆಲವು ವರ್ಗಗಳಿಗೆ ಇಡೀ ಜಗತ್ತಿನಲ್ಲಿ ಸಿಗುವುದು ಬೆರಳೆಣಿಕೆಯ ಜನ. ಸಂಖ್ಯಾಶಾಸ್ತ್ರದ ಮೊದಲ ಪಾಠವೇ ಇಲ್ಲಿ ಕಾಡುತ್ತದೆ.

ಹಾಗಾದರೆ ಒಂದೊಂದು ವರ್ಗಕ್ಕೂ ಬೇರೆ ಬೇರೆ ಪದಕವನ್ನೇ ಕೊಡಬಾರದೆ? ಹಿಂದೆ ಹಾಗೆಯೇ ಇತ್ತು. 1976ರಲ್ಲಿ ಸ್ವೀಡನ್ನಿನ ಅರ್ನ್‌ಷೋಲ್ಡ್ಸ್‌ವೀಕ್‌ನಲ್ಲಿ ಮೊದಲ ಚಳಿಗಾಲದ ಪ್ಯಾರಾಲಿಂಪಿಕ್ಸ್ ನಡೆದ ಮೇಲೆ ವರ್ಗಗಳೂ ಪದಕಗಳೂ ಬೆಳೆಯುತ್ತಲೇ ಹೋದವು. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಎಲ್ಲ ಕ್ರೀಡೆಗಳೂ ಸೇರಿ 92 ಪದಕ ಸ್ಪರ್ಧೆಗಳಿದ್ದವು. ಮೂರು ಗುಂಪುಗಳ ಪದ್ಧತಿಗೆ ಬಂದ 2006ರ ಟುರಿನ್‌ನಲ್ಲಿ ಅವು 58ಕ್ಕೆ ಇಳಿದವು. ನಾಲ್ಕೈದು ಜನ ಸ್ಪರ್ಧಿಸಿ ಮೂವರು ಪದಕ ಪಡೆಯುವ ಪಂದ್ಯದಲ್ಲಿ ಗೆದ್ದವರಿಗೂ ಹೆಚ್ಚು ಸುಖವಿರುವುದಿಲ್ಲ. ನೋಡುವವರಂತೂ ಚಾನೆಲ್ ಬದಲಿಸುತ್ತಾರೆ. ಗುಣಕದ ಪದ್ಧತಿಯಲ್ಲಿ ಕೊರತೆಗಳಿದ್ದರೂ ಬೇರೆ ಬೇರೆ ಪದಕದ ಹಳೆಯ ವ್ಯವಸ್ಥೆಗಿಂತ ಅದೇ ಮೇಲೆಂದು ನಾನು ಭಾವಿಸುತ್ತೇನೆ.

ಇನ್ನೊಂದು ದಾರಿಯೂ ಉಂಟು, ಎಲ್ಲರನ್ನೂ ಒಂದೇ ಮಟ್ಟಕ್ಕೆ ಇಳಿಸುವುದು. ಅಂಧರ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಬಿಟ್ಟು ಮೈದಾನದ ಎಲ್ಲ ಆಟಗಾರರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅಲ್ಪಸ್ವಲ್ಪ ಬೆಳಕು ಕಾಣುವವರ ಅನುಕೂಲ ಅಲ್ಲಿಗೆ ಮುಗಿಯಿತು. ಸ್ಕೀಯಲ್ಲೂ ಪೂರ್ತಿ ಅಂಧರ ವರ್ಗದವರು ಬೆಳಕು ತೂರದ ಕಪ್ಪು ಕನ್ನಡಕ ಧರಿಸಲೇಬೇಕು. ಆದರೆ ಮಸುಕಾಗಿ ಕಾಣುವ ಇತರ ವರ್ಗದವರ ಕಣ್ಣನ್ನು ಮುಚ್ಚುವುದಿಲ್ಲ, ಅವರಿಗೆ ಬೇರೆ ಗುಣಕ. ಇದೇ ಸರಿ. ಇಳಿಜಾರಿನಲ್ಲಿ ವಾಹನದ ವೇಗದಲ್ಲಿ ಧಾವಿಸುವವರಿಂದ, ಅವರು ವರ್ಷಗಟ್ಟಲೆ ಪಳಗಿಸಿಕೊಂಡ ಇದ್ದಷ್ಟು ದೃಷ್ಟಿಯನ್ನೂ ಸಮಾನತೆಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ದೃಷ್ಟಿದೋಷದ ಗುಂಪಿನಲ್ಲಿ ಇನ್ನೊಬ್ಬ ವ್ಯಕ್ತಿಯೂ ಇರುತ್ತಾರೆ. ಮುಂದೆ ಒಬ್ಬ ಮಾರ್ಗದರ್ಶಿ ಎದ್ದು ಕಾಣುವ ಬಣ್ಣದ ಮೇಲುಡುಪು ತೊಟ್ಟು ಇಳಿಯುತ್ತಾ, ಹೆಲ್ಮೆಟ್ಟಿನ ಒಳಗಿನ ಬ್ಲೂಟೂತ್ ಸಾಧನದ ಮೂಲಕ ತಿರುವುಗಳನ್ನು ಹೇಳುತ್ತಾ ಹೋಗುತ್ತಾರೆ. ಹಿಂದಿನವರು ಆ ದನಿಯನ್ನು ನಂಬಿ ಇಳಿಯುತ್ತಾರೆ. 2014ರ ಸೋಚಿಯಲ್ಲಿ ಸೂಪರ್-ಜಿ ಎಂಬ ವೇಗದ ಇಳಿತದ ಸ್ಪರ್ಧೆಯ ಚಿನ್ನ ಗೆದ್ದ ಬ್ರಿಟನ್ನಿನ ಕೆಲಿ ಗ್ಯಾಲಗರ್ ಅವರಿಗೆ ಮಾರ್ಗದರ್ಶಿ ಷಾರ್ಲಟ್ ಇವಾನ್ಸ್. ಆಸ್ಟ್ರಿಯಾದ ವೆರೋನಿಕಾ ಐಗ್ನರ್ ಅವರಿಗೆ 2022ರ ಬೀಜಿಂಗ್‌ನಲ್ಲಿ ಅಕ್ಕ ಎಲಿಜಬೆತ್ ದಾರಿ ತೋರಿಸಿದರು. ಈಗ ಮಾರ್ಗದರ್ಶಿಗೂ ಪದಕ ಕೊಡುತ್ತಾರೆ. ಕೊಡಲೇಬೇಕು. ಆದರೆ ಗುಣಕ ಅಳೆಯುವುದು ಹಿಂದಿನವರ ಕಣ್ಣಿನ ವರ್ಗವನ್ನು ಮಾತ್ರ. ಮುಂದಿನವರು ಎಷ್ಟು ಪಳಗಿದ ಸ್ಕೀಪಟು, ಅಂಥವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿ ಆ ದೇಶಕ್ಕಿದೆಯೇ ಎಂಬುದನ್ನು ಅಳೆಯುವ ಸಂಖ್ಯೆ ಯಾವುದೂ ಇಲ್ಲ. ಕುಳಿತು ಇಳಿಯುವವರ ವಿಷಯದಲ್ಲೂ ಹೀಗೆಯೇ. ಒಂದೇ ಸ್ಕೀ ಮೇಲೆ ಅಚ್ಚುಹಾಕಿದ ಆಸನ, ಕೆಳಗೆ ಆಘಾತ ತಾಳಿಕೊಳ್ಳುವ ಸ್ಪ್ರಿಂಗು; ಅಂಥದೊಂದು ಒಳ್ಳೆಯ ಮೋನೋಸ್ಕೀಗೆ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ರೂಪಾಯಿ ಬೇಕು. ಸೊಂಟದ ಮೇಲಿನ ಸ್ನಾಯುಗಳ ಹಿಡಿತವಿಲ್ಲದವರಿಗೂ ಹಿಡಿತವಿರುವವರಿಗೂ ಇರುವ ಅಂತರವನ್ನು ಗುಣಕ ತುಂಬಿಕೊಡಬಲ್ಲದು. ಹಿಮ ಗಟ್ಟಿಯಿದೆಯೋ ಮೆತ್ತಗಿದೆಯೋ ಎಂಬುದು ಅದಕ್ಕೆ ತಿಳಿಯದು. ಸೋಚಿಯಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಹಿಮ ಕರಗಿ ಗುಂಡಿಬಿದ್ದಾಗ ಕುಳಿತು ಇಳಿಯುವವರು ಒಬ್ಬರ ಹಿಂದೊಬ್ಬರು ಉರುಳಿದರು. ಇಂಥ ದಿನ ನಡುಮೈ ಹಿಡಿತವಿಲ್ಲದವರಿಗೆ ಆಗುವ ಹೆಚ್ಚಿನ ನಷ್ಟವನ್ನು ಸರಾಸರಿ ಸಂಖ್ಯೆಯೊಂದು ತುಂಬಿಕೊಡಲಾರದು.

ನಮ್ಮ ಜಿಲ್ಲೆಗೆ ಬರೋಣ. ಡಿಸೆಂಬರ್ 3ರ ವಿಕಲಚೇತನರ ದಿನಾಚರಣೆಯ ಹೊತ್ತಿಗೆ ತಾಲ್ಲೂಕುಗಳಲ್ಲಿ ಕ್ರೀಡಾಕೂಟಗಳು ನಡೆಯುತ್ತವೆ, ಸಮಯ ಹಿಡಿಯಲು ನಮ್ಮಂಥ ಮೇಷ್ಟ್ರುಗಳನ್ನು ಕರೆಯುತ್ತಾರೆ. ಅಂಥದೊಂದು ಕೂಟದಲ್ಲಿ "ದೈಹಿಕ ಅಂಗವಿಕಲರ 100 ಮೀಟರ್ ಓಟ" ಎಂದು ಒಂದೇ ಓಟವಿತ್ತು. ಸುಣ್ಣದ ಗೆರೆಯ ಮೇಲೆ ನಿಂತವರಲ್ಲಿ ಮೊಣಕೈಯಿಂದ ಕೆಳಗೆ ಕೈಯಿಲ್ಲದ ಯುವಕನೊಬ್ಬನಿದ್ದ, ಅವನ ಪಕ್ಕದಲ್ಲಿ ಪೋಲಿಯೊದಿಂದ ಒಂದು ಕಾಲು ಸಣ್ಣಗಾದ ನಡುವಯಸ್ಸಿನವರೊಬ್ಬರಿದ್ದರು. ಸೀಟಿ ಊದಿದಾಗ ಯುವಕ ಬಾಣದಂತೆ ಹೋದ. ಇವರು ಹೆಜ್ಜೆಗೊಮ್ಮೆ ಬಾಗಿ, ಬಲಗೈಯಿಂದ ತೊಡೆಯನ್ನು ಒತ್ತಿ ಮೊಣಕಾಲನ್ನು ನೇರ ಹಿಡಿದು, ಒತ್ತಿದ ಜಾಗದಲ್ಲಿ ಪ್ಯಾಂಟಿನ ಬಟ್ಟೆ ಸವೆದು ಹೊಳೆಯುವುದು ಕಾಣುವಷ್ಟು ನಿಧಾನವಾಗಿ, ಆದರೆ ಒಮ್ಮೆಯೂ ನಿಲ್ಲದೆ ಗೆರೆ ಮುಟ್ಟಿದರು. ಆಮೇಲೆ ನನ್ನ ಬಳಿ ಬಂದು, "ಸಾರ್, ಅವ್ನು ಕೈ ಇಲ್ದೋನು, ನಾನು ಕಾಲು ಇಲ್ದೋನು. ಓಡೋದು ಕಾಲಲ್ಲಿ ಅಲ್ವಾ ಸಾರ್?" ಎಂದರು. ಪಕ್ಕದಲ್ಲಿದ್ದ ಸಂಘಟಕರೊಬ್ಬರು, "ಎಲ್ರೂ ಅಂಗವಿಕಲ್ರೇ ಅಲ್ವೇನಪ್ಪಾ, ಭಾಗವಹಿಸೋದು ಮುಖ್ಯ" ಎಂದು ಸಮಾಧಾನ ಹೇಳಿ, ಬಹುಮಾನದ ಸ್ಟೀಲ್ ಡಬ್ಬಿಯನ್ನು ಯುವಕನಿಗೆ ಕೊಡಿಸಿದರು. ಯುವಕನ ತಪ್ಪು ಏನೂ ಇರಲಿಲ್ಲ, ಅವನು ಚೆನ್ನಾಗಿಯೇ ಓಡಿದ್ದ.

ಈ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟ್?" ಎಂಬುದು. ಸರ್ಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ನಮೂದಾದ ಅಂಗವಿಕಲತೆಯ ಪ್ರಮಾಣವನ್ನೇ ಹಿಡಿದು ಓಟಗಾರರನ್ನು ವಿಂಗಡಿಸಿದರೆ ಮುಗಿಯಿತಲ್ಲ ಎಂದು ಸಂಘಟಕರು ಹೇಳುವುದುಂಟು. ಮುಗಿಯುವುದಿಲ್ಲ. ಕಾರ್ಡಿನ ಪ್ರಮಾಣ ಇರುವುದು ಮಾಸಾಶನ, ಬಸ್ ಪಾಸ್, ಮೀಸಲಾತಿಯಂಥ ಸೌಲಭ್ಯಗಳಿಗಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ 40 ಎಂಬ ಗಡಿ ಇರುವುದೂ ಅದಕ್ಕೇ. ಕೈ ಕಳೆದುಕೊಂಡವರ ಕಾರ್ಡಿನಲ್ಲಿ ಒಂದು ಕಾಲಿಗೆ ಪೋಲಿಯೊ ಬಡಿದವರ ಕಾರ್ಡಿಗಿಂತ ಹೆಚ್ಚಿನ ಪ್ರಮಾಣ ಇರುವುದು ಅಪರೂಪವೇನಲ್ಲ. ಆ ಸಂಖ್ಯೆಯನ್ನು ಓಟಕ್ಕೆ ತಂದರೆ ನಮ್ಮ ಯುವಕನಿಗೇ ರಿಯಾಯಿತಿ ಸಿಗುತ್ತಿತ್ತು! ಪ್ಯಾರಾ ಕ್ರೀಡೆಯ ವರ್ಗೀಕರಣ ಕೇಳುವ ಪ್ರಶ್ನೆಯೇ ಬೇರೆ: ಈ ದೇಹಸ್ಥಿತಿ ಈ ಒಂದು ಆಟದ ಚಲನೆಗಳನ್ನು ಎಷ್ಟರಮಟ್ಟಿಗೆ ತಡೆಯುತ್ತದೆ? ಮೊದಲು ವೈದ್ಯಕೀಯ ದಾಖಲೆ ನೋಡುತ್ತಾರೆ, ಆಮೇಲೆ ಸ್ನಾಯುಬಲ, ಕೀಲುಗಳ ಚಲನೆ, ಕುಳಿತಾಗಿನ ಸಮತೋಲ ಮುಂತಾದವನ್ನು ಪರೀಕ್ಷಿಸುತ್ತಾರೆ, ಅಗತ್ಯವಿದ್ದರೆ ಸ್ಪರ್ಧೆಯಲ್ಲೇ ಗಮನಿಸಿ ವರ್ಗವನ್ನು ಖಚಿತಪಡಿಸುತ್ತಾರೆ. ಹಾಗಾಗಿ ಒಬ್ಬರೇ ವ್ಯಕ್ತಿ ಈಜಿನಲ್ಲಿ ಒಂದು ವರ್ಗ, ಸ್ಕೀಯಲ್ಲಿ ಮತ್ತೊಂದು ವರ್ಗ ಆಗಬಹುದು.

ಲೆಕ್ಕದ ಮೂಲಕ ನ್ಯಾಯ ಕೊಡುವ ಪದ್ಧತಿ ನಮಗೆ ಪೂರ್ತಿ ಹೊಸದೂ ಅಲ್ಲ. ಅಂಧರ ಕ್ರಿಕೆಟ್‌ನಲ್ಲಿ ಒಳಗೆ ಗುಂಡುಗಳಿದ್ದು ಗಲಗಲ ಸದ್ದು ಮಾಡುವ ಪ್ಲಾಸ್ಟಿಕ್ ಚೆಂಡನ್ನು ನೆಲದ ಮೇಲೆ ಉರುಳಿಸುತ್ತಾರೆ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಅಂಧರಾದ ಬಿ1 ವರ್ಗದವರಿರಬೇಕು, ಅವರು ಗಳಿಸಿದ ಒಂದೊಂದು ರನ್ನೂ ಎರಡೆಂದು ಲೆಕ್ಕ. 2012ರಲ್ಲಿ ಬೆಂಗಳೂರಿನಲ್ಲಿ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರ ನಾಯಕತ್ವದ ಭಾರತ ತಂಡ ಅಂಧರ ಮೊದಲ ಟಿ20 ವಿಶ್ವಕಪ್ ಗೆದ್ದಾಗ ಈ ನಿಯಮವನ್ನು ಕರ್ನಾಟಕದ ಬಹಳ ಜನ ಮೊದಲ ಬಾರಿ ಕೇಳಿ ಒಪ್ಪಿದರು. ಗುಣಕ ಎರಡು ಎಂಬುದು ದುಂಡು ಸಂಖ್ಯೆ, ಬಾಯಿಲೆಕ್ಕಕ್ಕೆ ಸಿಗುತ್ತದೆ, ಅದರಿಂದ ಜಗಳವೂ ಕಡಿಮೆ. ಸಂಖ್ಯೆ ಸೂಕ್ಷ್ಮವಾದಷ್ಟೂ ನ್ಯಾಯ ಹೆಚ್ಚುತ್ತದೆ, ಜೊತೆಗೆ ಎಡವುವ ಅಪಾಯವೂ ಹೆಚ್ಚುತ್ತದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡು ವರ್ಗಗಳನ್ನು ಕೂಡಿಸಿ ನಡೆಸಿದ ಮಹಿಳೆಯರ ಡಿಸ್ಕಸ್ ಎಸೆತದಲ್ಲಿ ದೂರವನ್ನು ಅಂಕವಾಗಿ ಪರಿವರ್ತಿಸುತ್ತಿದ್ದರು. ಉಕ್ರೇನಿನ ಮರಿಯಾ ಪೊಮಜಾನ್ ಅವರಿಗೆ ಚಿನ್ನದ ಪದಕ ಹಾಕಿ ಸಮಾರಂಭವೂ ಮುಗಿದ ಮೇಲೆ ಅಂಕಗಳ ಲೆಕ್ಕ ತಪ್ಪಾಗಿದೆ ಎಂದು ತಿಳಿದು, ಚಿನ್ನವನ್ನು ಚೀನಾದ ವೂ ಚಿಂಗ್ ಅವರಿಗೆ ಕೊಟ್ಟು ಪೊಮಜಾನ್ ಅವರನ್ನು ಎರಡನೆಯ ಸ್ಥಾನಕ್ಕೆ ಇಳಿಸಿದರು. ಮೈದಾನದಲ್ಲಿ ಅವರು ಮಾಡಬೇಕಾದ ಯಾವ ಕೆಲಸವೂ ಬಾಕಿ ಇರಲಿಲ್ಲ.

ಮೋಸದ ಮಾತನ್ನೂ ಬಿಡುವಂತಿಲ್ಲ. ವರ್ಗದ ಮೇಲೆ ಪದಕ ನಿಂತಿರುವಾಗ, ಪರೀಕ್ಷೆಯ ದಿನ ಇರುವುದಕ್ಕಿಂತ ಕಡಿಮೆ ಶಕ್ತಿ ತೋರಿಸುವ ಆಸೆ ಹುಟ್ಟುವುದು ಮನುಷ್ಯ ಸಹಜ. 2000ದ ಸಿಡ್ನಿಯಲ್ಲಿ ಬೌದ್ಧಿಕ ಅಂಗವಿಕಲರ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಜನರಲ್ಲಿ 10 ಜನರಿಗೆ ಅಂಥ ಅಂಗವಿಕಲತೆಯೇ ಇರಲಿಲ್ಲವೆಂದು ಆಮೇಲೆ ಬಯಲಾಯಿತು. ಅದರ ಶಿಕ್ಷೆ ಬಿದ್ದದ್ದು ಮುಖ್ಯವಾಗಿ ನಿಜವಾದ ಬೌದ್ಧಿಕ ಅಂಗವಿಕಲರ ಮೇಲೆ. 2012ರ ಲಂಡನ್‌ವರೆಗೆ ಅವರಿಗೆ ಪ್ಯಾರಾಲಿಂಪಿಕ್ಸ್‌ನ ಬಾಗಿಲೇ ಮುಚ್ಚಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಗುಣಕದ ಪದ್ಧತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಅದರ ನಿಖರತೆಯಲ್ಲ. ಗುಣಕವನ್ನು ಸ್ಪರ್ಧೆಗೆ ಮುಂಚೆಯೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಿರುತ್ತಾರೆ, ಹೊಸ ಸಮಯಗಳು ಸೇರಿದಂತೆ ಅದನ್ನು ಪರಿಷ್ಕರಿಸುತ್ತಾರೆ. ತನಗೆ ಅನ್ಯಾಯವಾಗಿದೆ ಎನ್ನುವವರು ಸಂಖ್ಯೆಯನ್ನು ಮುಂದಿಟ್ಟುಕೊಂಡು ವಾದಿಸಬಹುದು. ನಮ್ಮ ಕೂಟದ ಆ ಹಿರಿಯರಿಗೆ ವಾದಿಸಲು ಅಂಥದ್ದೇನೂ ಇರಲಿಲ್ಲ, ಏಕೆಂದರೆ ನಾವು ಸಮಯವನ್ನು ಹಿಡಿದೆವೇ ಹೊರತು ಎಲ್ಲೂ ಬರೆದಿಡಲಿಲ್ಲ. ಪ್ರಮಾಣಪತ್ರದಲ್ಲಿ ಇರುವುದು ಪ್ರಥಮ, ದ್ವಿತೀಯ, ತೃತೀಯ ಎಂಬ ಮೂರು ಪದಗಳು.

ತಾಲ್ಲೂಕು ಮಟ್ಟದಲ್ಲಿ ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಓಟಕ್ಕೆ ಕೈ ತೊಂದರೆಯವರು, ಒಂದು ಕಾಲಿನ ತೊಂದರೆಯವರು, ಎರಡೂ ಕಾಲಿನ ತೊಂದರೆಯವರು ಎಂದು ಹೆಸರು ಬರೆದುಕೊಳ್ಳುವಾಗಲೇ ವಿಂಗಡಿಸಬಹುದು. ಹಳ್ಳಿಹಳ್ಳಿಯ ವಿಕಲಚೇತನರ ಪರಿಚಯ ಅಲ್ಲಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯುಗಳಿಗೆ ಇದ್ದೇ ಇರುತ್ತದೆ, ಅದಕ್ಕೆ ಹೊರಗಿನ ತಜ್ಞರು ಬರಬೇಕಾಗಿಲ್ಲ. ಗುಂಪಿಗೆ ಇಬ್ಬರೇ ಸಿಕ್ಕರೆ ಒಟ್ಟಿಗೇ ಓಡಿಸಿ, ಆದರೆ ಒಬ್ಬೊಬ್ಬರ ಸಮಯವನ್ನೂ ವರ್ಗವನ್ನೂ ಒಂದು ರಿಜಿಸ್ಟರಿನಲ್ಲಿ ದಾಖಲಿಸಿ. ಒಂದು ತಾಲ್ಲೂಕಿನ ಅಂಕಿಗಳಿಂದ ಗುಣಕ ಕಟ್ಟಲಾಗದು, ಜಗತ್ತಿನ ಸ್ಕೀಪಟುಗಳಿಗೇ ಇರುವ ತೊಡಕು ನಮಗೆ ಹತ್ತರಷ್ಟು ಕಾಡುತ್ತದೆ. ಪಾವಗಡದಿಂದ ಕುಣಿಗಲ್‌ವರೆಗಿನ ಹತ್ತೂ ತಾಲ್ಲೂಕುಗಳು ಒಂದೇ ನಮೂನೆಯಲ್ಲಿ ಬರೆದಿಟ್ಟು, ಕೋಲಾರ, ಚಿಕ್ಕಬಳ್ಳಾಪುರದವರೂ ಕೈಜೋಡಿಸಿದರೆ ಕೆಲವು ವರ್ಷಗಳಲ್ಲಿ ಒರಟಾದರೂ ಒಂದು ಗುಣಕ ಸಿಕ್ಕೀತು. ನಮೂನೆಯಲ್ಲಿ ಹೆಸರು, ಊರು, ತೊಂದರೆಯ ಬಗೆ, ಊರುಗೋಲು ಅಥವಾ ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಇದೆಯೇ, ಸಮಯ ಎಂಬ ಐದು ಕಾಲಂ ಸಾಕು. ಪರ್ಸೆಂಟಿನ ಕಾಲಂ ಬೇಡ.